ಮಾತಿನಲ್ಲಿ ಕಳೆದ ಸೂಜಿ

“ನನ್ನ ತುಳ್ಕೊಂಡ್ ಒಳಕ್ ಹೋಗಿ ಮೇಡಮ್ಮ. ಆಮೇಲ್ ಬೇಕಾದ್ರೆ ಮಗೂನ ಎತ್ಕೊಂಡ್ ಹೋಗಿ.”

ಪಿಳ್ಳಮ್ಮ ಹೊಸ್ತಿಲಿಗೆ ಅಡ್ಡವಾಗಿ ಕಾಲು ಚಾಚಿ ಕೂತಿದ್ದಳು. ಅವಳ ಬೆನ್ನ ಹಿಂದೆ, ನಡುಮನೆಯ ಮಬ್ಬಿನಲ್ಲಿ, ಆರು ವರ್ಷದ ಮೊಮ್ಮಗಳು ಸೌಮ್ಯ ತನ್ನ ತಾಯಿ ಸುಧಾಳ ಸೆರಗಿಗೆ ಅಂಟಿಕೊಂಡಿದ್ದಳು. ಮಗುವಿನ ಎಡಗೈ ಮಣಿಕಟ್ಟಿಗೆ ಅರಿಶಿನ ಮೆತ್ತಿದ ಬಟ್ಟೆ ಸುತ್ತಿತ್ತು.

ಮೊನ್ನೆ ಸಂಜೆ ಪಿಳ್ಳಮ್ಮನ ಮಗ ಯುವರಾಜ್ ನಾಯಿ ಕಚ್ಚಿದ್ದಕ್ಕೆ ಕನ್ನಡ-ತಮಿಳು ಗಡಿಯ ತಳಿ ಊರಿನ ಕ್ಲಿನಿಕ್ಕಿನಲ್ಲಿ ಸೂಜಿ ಹಾಕಿಸಿಕೊಂಡು, ಜವಳಗಿರಿ ದಾರಿಯಲ್ಲಿ ಮನೆ ಸೇರುವ ಮೊದಲೇ ಸತ್ತಿದ್ದ. ಸೂಜಿಯೇ ಅವನನ್ನು ತಿಂದಿತು ಎಂದು ಊರಿಗೆ ಊರೇ ತೀರ್ಪು ಕೊಟ್ಟುಬಿಟ್ಟಿತ್ತು. ಕ್ಲಿನಿಕ್ಕಿನ ಗಾಜು ಪುಡಿಯಾಗಿತ್ತು. ಸೂಜಿ ಹಾಕಿದ ನರ್ಸ್ ಕಲೈಸೆಲ್ವಿಯನ್ನು ಇವತ್ತು ಸಂಜೆಯೊಳಗೆ ಹಿಡಿದು ಒಳಗೆ ಹಾಕಿ ಎಂದು ಮೇಲಿನಿಂದ ನನಗೆ ಫೋನ್ ಮೇಲೆ ಫೋನ್. ಯಾರನ್ನು ಹಿಡಿಯಬೇಕೆಂದು ಎಲ್ಲರೂ ಹೇಳಿಕೊಡುವುದಾದರೆ ನಾನು, ಉಷಾರಾಣಿ ಎಂಬ ಇನ್ಸ್‌ಪೆಕ್ಟರ್, ತಳಿ ಠಾಣೆಗೆ ಯಾಕೆ ಬೇಕು?

ಆದರೆ ಈ ಬೆಳಿಗ್ಗೆ ನಾನು ಬಂದದ್ದು ಸತ್ತವನ ವಿಚಾರಕ್ಕಲ್ಲ. ಊರವರು ಹೊಡೆದು ಕೊಂದಿದ್ದ ನಾಯಿಯ ತಲೆಯನ್ನು ಪರೀಕ್ಷೆಗೆ ಕಳಿಸಿದ್ದೆವು. ನಾಯಿಗೆ ಹುಚ್ಚಿತ್ತು ಎಂದು ಆಗಷ್ಟೇ ಫೋನ್ ಬಂದಿತ್ತು. ಅದೇ ನಾಯಿಯ ಹಲ್ಲು ಸೌಮ್ಯಳ ಮಣಿಕಟ್ಟಿಗೂ ತಗುಲಿತ್ತು. ಬೈಯುತ್ತಾರೆಂದು ಮಗು ಹೇಳಿರಲಿಲ್ಲ. ನಿನ್ನೆ ಅಪ್ಪನನ್ನು ಮಣ್ಣು ಮಾಡಿ ಬಂದ ಮೇಲೆ, ತಲೆಗೆ ನೀರು ಹಾಕುವಾಗ ಸುಧಾ ನೋಡಿದಳು.

ಹುಚ್ಚುನಾಯಿ ರೋಗ ಒಮ್ಮೆ ತಲೆಗೇರಿತೆಂದರೆ ಯಾವ ಡಾಕ್ಟರೂ ಇಳಿಸಲಾರ. ಏರುವ ಮೊದಲೇ ಸೂಜಿ ಬೀಳಬೇಕು. ಕಾಯಲು ನಮಗೆ ಹೊತ್ತಿರಲಿಲ್ಲ, ಅದನ್ನು ಈ ಮುದುಕಿಗೆ ಹೇಗೆ ಹೇಳುವುದೆಂದು ನನಗೆ ತಿಳಿಯುತ್ತಿರಲಿಲ್ಲ.

ನಾನು ಟೋಪಿ ತೆಗೆದು ಅವಳ ಎದುರಿಗೆ ನೆಲದ ಮೇಲೇ ಕೂತೆ. ಸೂಜಿ ಹಾಕಿಸದಿದ್ದರೆ ಈ ಮಗುವೂ ಉಳಿಯುವುದಿಲ್ಲ ಎಂದೆ.

“ಹಾಕಿಸಿದ್ದಕ್ಕೇ ಅಲ್ವಾ ಅವ್ನು ಉಳೀದೆ ಹೋಗಿದ್ದು?” ಪಿಳ್ಳಮ್ಮನ ಕಣ್ಣಲ್ಲಿ ನೀರೇ ಇರಲಿಲ್ಲ, ಎಲ್ಲ ಮುಗಿದಿತ್ತು. “ಅವತ್ತೇ ಬಡ್ಕೊಂಡೆ ಕಣಮ್ಮ. ಇವ್ನಿಗೆ ಮೂರ್ ವರ್ಷ ಇದ್ದಾಗ ಹುಳ ಮುಟ್ಟಿತ್ತು, ಆಸ್ಪತ್ರೇಲಿ ಸೂಜಿ ಹಾಕಿಸ್ದಾಗ ಮೈಯೆಲ್ಲ ದದ್ದೆದ್ದು ಉಸ್ರು ಕಟ್ಬುಟ್ಟಿತ್ತು, ನೋಡ್ಕೊಂಡ್ ಹಾಕಮ್ಮ ಅಂದೆ. ಹಳ್ಳಿ ಮುದ್ಕಿ ಮಾತು ಯಾರ್ ಕೇಳ್ತಾರೆ.”

ಪಕ್ಕದಲ್ಲಿ ನಿಂತಿದ್ದ ನನ್ನ ಕಾನ್‌ಸ್ಟೇಬಲ್ ಕುಮಾರೇಶ್ ಧರ್ಮಪುರಿ ಕಡೆಯವನು, ಕನ್ನಡ ಅರ್ಧಂಬರ್ಧ. ಹುಳ ಮುಟ್ಟಿದರೆ ಯಾರಾದರೂ ಆಸ್ಪತ್ರೆಗೆ ಓಡುತ್ತಾರಾ ಎಂದು ತಮಿಳಿನಲ್ಲಿ ಪಿಸುಗುಟ್ಟಿದ. ನಾನು ಅವನನ್ನು ದುರುಗುಟ್ಟಿ ನೋಡಿದೆ.

ನನಗೆ ಅವಳ ಮಾತು ಅರ್ಥವಾಗಿತ್ತು. ನಾನು ಇದೇ ಸೀಮೆಯ ಬೇರಿಕೆ ಊರಿನವಳು. ನಮ್ಮಜ್ಜಿಯ ಬಾಯಿಂದ ಹಾವು ಎಂಬ ಮಾತನ್ನು ನಾನು ಒಮ್ಮೆಯೂ ಕೇಳಿಲ್ಲ. ಹೆಸರು ಹಿಡಿದರೆ ಕರೆದ ಹಾಗೆ ಎಂದು ನಮ್ಮ ಕಡೆ ಅದನ್ನು ಹುಳ ಎನ್ನುತ್ತಾರೆ. ಕಚ್ಚಿತು ಎಂದೂ ಅನ್ನುವುದಿಲ್ಲ, ಮುಟ್ಟಿತು ಎನ್ನುತ್ತಾರೆ. ಪಕ್ಕದ ಮನೆಯ ತೆಲುಗಿನವರೂ ಪುರುಗು ಮುಟ್ಟಿಂದಿ ಎಂದೇ ಹೇಳುವುದು. ಯುವರಾಜನಿಗೆ ಮೂರು ವರ್ಷವಿದ್ದಾಗ ಹಾವು ಕಚ್ಚಿತ್ತು, ಹಾವಿನ ವಿಷಕ್ಕೆ ಹಾಕಿದ ಮದ್ದೇ ಅವನ ಉಸಿರು ಕಟ್ಟಿಸಿತ್ತು. ಪಿಳ್ಳಮ್ಮ ಕ್ಲಿನಿಕ್ಕಿನಲ್ಲಿ ಹೇಳಿದ್ದು ಅದನ್ನು.

ನಾನು ಅಂಗಳಕ್ಕೆ ಬಂದು, ಹೆಣ ಕೊಯ್ದಿದ್ದ ಕೃಷ್ಣಗಿರಿಯ ಡಾಕ್ಟರಿಗೆ ಫೋನ್ ಮಾಡಿದೆ. ಗಂಟಲು ಊದಿ ಮುಚ್ಚಿಹೋಗಿತ್ತು ಎಂದು ಅವರು ನಿನ್ನೆಯೇ ಹೇಳಿದ್ದರು, ಯಾಕೆಂಬುದು ಅವರಿಗೂ ಬಗೆಹರಿದಿರಲಿಲ್ಲ. ಹಾವಿನ ಮಾತು ತೆಗೆದೊಡನೆ ಅವರಿಗೆ ಎಲ್ಲ ಹೊಳೆಯಿತು. ಆಮೇಲೆ ಬಿಡಿಸಿ ಹೇಳಿದರು. ಹಾವಿನ ವಿಷಕ್ಕೆ ಕೊಡುವ ಸೀರಂ ಕುದುರೆಯ ರಕ್ತದಿಂದ ತೆಗೆದದ್ದು. ಹುಚ್ಚುನಾಯಿ ಕಚ್ಚಿದಾಗ ಗಾಯದ ಸುತ್ತ ಹಾಕುವ ಸೀರಂ ಕೂಡ ಸಾಮಾನ್ಯವಾಗಿ ಕುದುರೆಯದೇ. ಒಮ್ಮೆ ಅದಕ್ಕೆ ತಿರುಗಿಬಿದ್ದ ಮೈಗೆ ಎರಡನೇ ಸಲ ಹಾಕಿದರೆ ಪ್ರಾಣಕ್ಕೇ ಬರಬಹುದು. ತೋಳಿಗೆ ಹಾಕುವ ಲಸಿಕೆಯೇ ಬೇರೆ, ಅದರಲ್ಲಿ ಕುದುರೆಯದೇನೂ ಇಲ್ಲ. ಮೊದಲೇ ಗೊತ್ತಿದ್ದರೆ ಮನುಷ್ಯರ ರಕ್ತದಿಂದ ತೆಗೆದ ಸೀರಂ ಹೊಸೂರಿನಲ್ಲಿ ಸಿಗುತ್ತಿತ್ತು. ಕೇಳಿ ಹಾಕಿದ್ದರೆ ಉಳಿಯುತ್ತಿದ್ದ ಮನುಷ್ಯ ಎಂದರು.

ಹಾಗಾದರೆ ಮಗುವಿಗೆ? ಹಿಂದೆ ಅಂಥ ಸೂಜಿ ಬೀಳದ ಮಗುವಾದರೆ ಹೆದರಬೇಕಾಗಿಲ್ಲ, ಆಸ್ಪತ್ರೆಯವರು ಎಚ್ಚರಿಕೆಯಿಂದ ಹಾಕಿ ಕೂರಿಸಿಕೊಂಡು ನೋಡುತ್ತಾರೆ ಎಂದರು.

ನಾನು ಮತ್ತೆ ಹೊಸ್ತಿಲ ಬಳಿ ಕೂತು ಪಿಳ್ಳಮ್ಮನ ಕೈ ಹಿಡಿದುಕೊಂಡೆ. “ನಿನ್ ಮಾತು ನಾನ್ ಕೇಳ್ದೆ ಕಣಮ್ಮ. ನೀನ್ ಹೇಳಿದ್ದೇ ಸರಿ. ಅವ್ನಿಗೆ ಹಳೇ ಸೂಜಿ ಆಗ್ಬರ್ಲಿಲ್ಲ, ಅದೇ ಜಾತೀದ್ ಇನ್ನೊಂದ್ ಬಿತ್ತು. ಲಸಿಕೆದ್ ತಪ್ಪಲ್ಲ. ಈಗ ದೇವ್ರಾಣೆಗೂ ನಿಜ ಹೇಳು. ಈ ಮಗೂಗೆ ಯಾವತ್ತಾದ್ರೂ ಹುಳ ಮುಟ್ಟಿತ್ತಾ?”

ಇಲ್ಲ ಎಂದಳು. ಮನೆದೇವರ ಮೇಲೆ ಆಣೆ ಇಟ್ಟಳು. ಸುಧಾಳನ್ನೂ ಕೇಳಿದೆ. ಅಂಗನವಾಡಿಯಲ್ಲಿ ಹಾಕಿಸಿದ ಸೂಜಿ ಬಿಟ್ಟರೆ ಬೇರೆ ಯಾವುದೂ ಇಲ್ಲ ಎಂದಳು. ಮಗುವನ್ನೇ ಕೇಳೋಣವೆಂದರೆ ಅದು ಖಾಕಿ ಕಂಡು ತಾಯಿಯ ಸೊಂಟದಲ್ಲಿ ಮುಖ ಹುದುಗಿಸಿಬಿಟ್ಟಿತು. ಕೇಳಬೇಕಾದ್ದನ್ನು ಕೇಳಿದ್ದೇನೆ ಎಂದು ನನ್ನ ಬೆನ್ನನ್ನು ನಾನೇ ತಟ್ಟಿಕೊಂಡೆ.

ಪಿಳ್ಳಮ್ಮ ತಿರುಗಿ ಮೊಮ್ಮಗಳ ಕೈಯ ಬಟ್ಟೆ ನೋಡಿದಳು. ಆಮೇಲೆ ಚಾಚಿದ್ದ ಕಾಲನ್ನು ಮಡಿಚಿಕೊಂಡಳು.

ಸುಧಾ ಮಗುವನ್ನೆತ್ತಿಕೊಂಡು ಜೀಪು ಹತ್ತಿದಳು. ಹೊಸೂರಿನ ಆಸ್ಪತ್ರೆಗೆ ನೇರ ಹೋಗು, ಅಪ್ಪನ ಕಥೆ ಪೂರ್ತಿ ಹೇಳು, ಮಗುವಿಗೆ ಹಿಂದೆ ಏನೂ ಆಗಿಲ್ಲವೆಂದು ಮನೆಯವರು ಹೇಳಿದ್ದಾರೆಂದೂ ತಿಳಿಸು ಎಂದು ಕುಮಾರೇಶನಿಗೆ ಹೇಳಿದೆ. ಜೀಪು ರಾಗಿ ಹೊಲಗಳ ನಡುವೆ ಮರೆಯಾಯಿತು. ಎರಡು ದಿನದಲ್ಲಿ ಮೊದಲ ಸಲ ನನ್ನ ಎದೆ ಹಗುರಾಯಿತು.

ಕುಮಾರೇಶ್ ತಂದಿದ್ದ ಠಾಣೆಯ ಬೈಕು ತೆಗೆದುಕೊಂಡು ನಾನು ತಳಿಯ ಕಡೆ ಹೊರಟೆ. ಪಿಳ್ಳಮ್ಮ ಹೇಳಿದ್ದಳು ಸರಿ. ಆದರೆ ಯಾರಿಗೆ ಹೇಳಿದಳು, ಅದು ಎಲ್ಲಿ ಬಿದ್ದುಹೋಯಿತು?

ಕ್ಲಿನಿಕ್ಕಿನ ಡಾಕ್ಟರ್ ಬಾಲಾಜಿ ಒಡೆದ ಗಾಜನ್ನು ತೋರಿಸುತ್ತ ಬಾಗಿಲಲ್ಲೇ ಹಿಡಿದುಕೊಂಡರು. ಆ ಸಂಜೆ ತಾವು ಇರಲೇ ಇಲ್ಲ, ಎಲ್ಲ ನರ್ಸಿನದೇ ಕೆಲಸ ಎಂದು ಕೇಳದಿದ್ದರೂ ಹೇಳಿದರು. ತಾವಿಲ್ಲದ ಹೊತ್ತಲ್ಲಿ ಅಂಥ ಸೂಜಿ ಹಾಕಲು ಬಿಟ್ಟವರು ಯಾರು ಎಂದು ನಾನೂ ಕೇಳಿದೆ. ಅವರು ಒಳಗೆ ಹೋಗಿ ಕುರ್ಚಿಯಲ್ಲಿ ಕೂತರು.

ಕಲೈಸೆಲ್ವಿ ಹಿಂದಿನ ಕೋಣೆಯಲ್ಲಿದ್ದಳು. ನಾಗಪಟ್ಟಣದ ಕಡೆಯ ಹುಡುಗಿ, ಕನ್ನಡದ ಗಂಧವೇ ಇಲ್ಲ. ಎರಡು ದಿನ ಊಟ ಬಿಟ್ಟವಳಂತೆ ಕಾಣುತ್ತಿದ್ದಳು. ನಾನು ತಮಿಳಿನಲ್ಲಿ ಕೇಳಿದೆ, ಅವಳು ತಮಿಳಿನಲ್ಲಿ ಹೇಳಿದಳು.

ಅವಳು ಎಲ್ಲವನ್ನೂ ಕೇಳಿದ್ದಳು. ಒಳಗೆ ನಲ್ಲಿಯ ಕೆಳಗೆ ಯುವರಾಜ್ ಸೋಪು ಹಾಕಿ ಗಾಯ ತೊಳೆದುಕೊಳ್ಳುತ್ತಿದ್ದಾಗ, ಹೊರಗೆ ಬೆಂಚಿನ ಮೇಲಿದ್ದ ತಾಯಿಯನ್ನು ವಿಚಾರಿಸಿದ್ದಳು. ನಡುವೆ ನಿಂತು ಮಾತು ದಾಟಿಸಿದವನು, ಅವರನ್ನು ತನ್ನ ಹೂವಿನ ಟೆಂಪೋದಲ್ಲಿ ಕರೆತಂದಿದ್ದ ಗಿರಿ, ಯುವರಾಜನ ದೊಡ್ಡಪ್ಪನ ಮಗ. ಮುದುಕಿ ಬಹಳ ಹೊತ್ತು ಮಾತಾಡಿದಳಂತೆ. ಗಿರಿ ಅದನ್ನು ಚಿಕ್ಕದು ಮಾಡಿ ಹೇಳಿದನಂತೆ. ಸಣ್ಣವನಿದ್ದಾಗ ಪುಳು ಮುಟ್ಟಿ ಮೈಮೇಲೆ ದದ್ದು ಎದ್ದಿತ್ತು, ಅಷ್ಟೆ.

ಪುಳು ಎಂದರೆ ತಮಿಳಿನಲ್ಲಿ ಬರೀ ಹುಳ. ಮುಟ್ಟಿದರೆ ದದ್ದೇಳುವ ಹುಳ ಯಾವುದು? ಕಂಬಳಿಹುಳ. ಹಾಗೆಂದೇ ಅವಳು ತಿಳಿದಳು. ಕಂಬಳಿಹುಳ ಮುಟ್ಟದ ಮಕ್ಕಳು ಲೋಕದಲ್ಲಿ ಎಲ್ಲಿದ್ದಾರೆ? ಯುವರಾಜನನ್ನೂ ಕೇಳಿದಳು. ನನಗೇನೂ ಇಲ್ಲ, ಎಲ್ಲ ತಿನ್ನುತ್ತೇನೆ ಎಂದು ಅವನು ನಕ್ಕನಂತೆ. ಮೂರು ವರ್ಷದ ವಯಸ್ಸಿನಲ್ಲಿ ಆದದ್ದು ಅವನಿಗೆ ತಾನೇ ಏನು ನೆನಪು.

ಹಿಂದೆ ಹಾಕಿದ ಸೂಜಿಯ ಮಾತು ಗಿರಿ ಎತ್ತಿದನಾ ಎಂದು ಕೇಳಿದೆ. ಉಸಿರು ಕಟ್ಟಿದ ಮಾತು?

“ಊಸಿ ಅನ್ನೋ ಮಾತೇ ಬರಲಿಲ್ಲ ಮೇಡಂ,” ಎಂದಳು ಅವಳು. ತಮಿಳಿನಲ್ಲಿ ಸೂಜಿಗೆ ಊಸಿ. “ಬಂದಿದ್ದರೆ ನಾನು ಆ ಬಾಟಲಿ ಮುಟ್ಟುತ್ತಲೇ ಇರಲಿಲ್ಲ.”

ಪ್ರಾಣ ಉಳಿಸುವ ಅಡ್ರಿನಲಿನ್ ಸೂಜಿಯನ್ನು ತುಂಬಿ ತಟ್ಟೆಯಲ್ಲಿಟ್ಟಿದ್ದಳು. ಅರ್ಧ ಗಂಟೆ ಇಲ್ಲೇ ಕೂತಿರಬೇಕೆಂದು ಬೆಂಚು ತೋರಿಸಿದ್ದಳು. ಇನ್ನೊಬ್ಬ ರೋಗಿಯನ್ನು ನೋಡಿ ಹೊರಗೆ ಬರುವಷ್ಟರಲ್ಲಿ ಬೆಂಚು ಖಾಲಿ. ಕತ್ತಲಾದರೆ ಕಾಡಿನ ದಾರಿಗೆ ಆನೆ ಇಳಿಯುತ್ತದೆ ಎಂದು ಗಿರಿ ಎಬ್ಬಿಸಿಕೊಂಡು ಹೋಗಿದ್ದನಂತೆ. ಇಷ್ಟು ಹೇಳಿ ಅವಳು ಗೋಡೆಗೆ ಹಣೆ ಒತ್ತಿ ಅತ್ತಳು. ಸಮಾಧಾನ ಹೇಳುವುದು ನನಗೆ ಬರುವುದಿಲ್ಲ, ನೀರಿನ ಲೋಟ ಅವಳ ಕೈಗಿಟ್ಟೆ.

ಹೊರಗೆ ಬಂದು ಯೋಚಿಸಿದೆ. ಹಾವನ್ನು ಹುಳ ಎನ್ನುವುದು ನಮ್ಮವರ ಬಾಯಿಯ ಅಭ್ಯಾಸ. ಆನೆಯ ಭಯವೂ ಸುಳ್ಳಲ್ಲ, ಹೊತ್ತು ಮುಳುಗಿದ ಮೇಲೆ ಜವಳಗಿರಿ ಕಾಡಿನಲ್ಲಿ ನಾನೇ ಜೀಪು ನಿಲ್ಲಿಸುವುದಿಲ್ಲ. ಯಾವ ಕೋರ್ಟಿನಲ್ಲಿ ನಿಲ್ಲಿಸಿದರೂ ಇದು ಪಾಪದ ಹಳ್ಳಿಯವನೊಬ್ಬನ ತಪ್ಪು. ಹಾವೂ ಸಾಯಬೇಕು, ಕೋಲೂ ಮುರಿಯಬಾರದು ಎನ್ನುತ್ತಾರಲ್ಲ. ಇಲ್ಲಿ ಕೋಲೇ ಕಣ್ಣಿಗೆ ಬೀಳುತ್ತಿರಲಿಲ್ಲ.

ಆದರೆ ಬೋರ್‌ವೆಲ್ ನೀರಿನ ಜಗಳದಲ್ಲಿ ಗಿರಿಗೂ ಯುವರಾಜನಿಗೂ ಉಗಾದಿಯಿಂದ ಮಾತು ಬಿಟ್ಟಿತ್ತು. ನಾಯಿ ಕಚ್ಚಿದ ಸುದ್ದಿ ಕೇಳಿ ಗಿರಿ ತಾನಾಗಿ ಟೆಂಪೋ ತಂದು ಮನೆ ಮುಂದೆ ನಿಲ್ಲಿಸಿದಾಗ, ರಕ್ತ ಎಂದಿದ್ದರೂ ರಕ್ತವೇ ಎಂದು ಪಿಳ್ಳಮ್ಮ ಕಣ್ಣೊರೆಸಿಕೊಂಡಿದ್ದಳಂತೆ.

ಗಿರಿ ಬಸ್‌ಸ್ಟ್ಯಾಂಡಿನ ಆಚೆ ಹೂವಿನ ಶೆಡ್ಡಿನಲ್ಲಿ ಸಿಕ್ಕಿದ. ಗುಲಾಬಿ ಕಟ್ಟುಗಳಿಗೆ ಪೇಪರು ಸುತ್ತುತ್ತಿದ್ದ. ನಲವತ್ತರ ಹತ್ತಿರದ ಗಟ್ಟಿ ಆಳು, ಕೈಬೆರಳ ತುಂಬ ಮುಳ್ಳಿನ ಗೀರು. ನನ್ನನ್ನು ಕಂಡು ಎದ್ದು ನಿಂತ. ಕೂತೇ ಕೆಲಸ ಮಾಡು ಎಂದೆ.

“ಹುಳ ಮುಟ್ಟಿದ್ದನ್ನ ನರ್ಸಿಗೆ ಏನಂತ ಹೇಳ್ದೆ ಗಿರಿ?”

ಅವನು ಗಾಬರಿಯಾಗಲಿಲ್ಲ. ಈ ಪ್ರಶ್ನೆಗೆ ಉತ್ತರ ತಯಾರಿಟ್ಟುಕೊಂಡಿದ್ದವನಂತೆ ಸರಾಗವಾಗಿ ಹೇಳಿದ.

“ದೀಪ ಹಚ್ಚೋ ಹೊತ್ತು ಮೇಡಂ. ಅದ್ರ ಹೆಸ್ರು ಹೆಂಗ್ ಎತ್ತೋದು? ಚಿಕ್ಕಮ್ಮ ಹುಳ ಅಂದ್ಳು, ನಾನು ಪುಳು ಅಂದೆ. ಆಯಮ್ಮ ತಪ್ಪು ತಿಳ್ಕೊಂಡ್ರೆ ನಾನೇನ್ ಮಾಡ್ಲಿ? ನೀವೂ ಈ ಕಡೆಯೋರೇ, ನಿಮ್ಗೆ ಗೊತ್ತಿಲ್ವಾ?”

“ಗೊತ್ತು. ಹುಳ ಪುಳು ಆಗಿದ್ದು ಒಪ್ಕೊಂಡೆ. ಸೂಜಿ ಎಲ್ಲೋಯ್ತು?”

ಪೇಪರು ಸುತ್ತುತ್ತಿದ್ದ ಕೈ ನಿಂತಿತು.

“ನಿಮ್ ಚಿಕ್ಕಮ್ಮ ಹುಳ ಅಂದ್ಳು, ಸೂಜಿ ಅಂದ್ಳು, ಉಸ್ರು ಕಟ್ತು ಅಂದ್ಳು. ನೀನು ಹುಳಾನೂ ದದ್ದೂ ದಾಟಿಸ್ದೆ. ದೀಪ ಹಚ್ಚಿದ್ಮೇಲೆ ಆಸ್ಪತ್ರೆ ಸೂಜಿ ಅನ್ನಬಾರ್ದು ಅಂತ ಯಾವೂರಲ್ಲಿ ಶಾಸ್ತ್ರ ಐತೆ?”

“ಮರ್ತೋಯ್ತು.”

“ಪಕ್ದಲ್ಲಿ ನಿಂತು ಹೇಳಿದ್ ಮಾತು, ಬಾಯ್ ಮುಚ್ಚೋದ್ರೊಳ್ಗೆ ಮರ್ತೋಯ್ತಾ?”

“ನಂಗೇನ್ ಗೊತ್ತು ಮೇಡಂ, ಅದ್ರಿಂದ ಜೀವ ಹೋಯ್ತದೆ ಅಂತ?” ಅವನ ದನಿ ಗಟ್ಟಿಯಾಯಿತು. “ಹತ್ನೇ ಕ್ಲಾಸು ಪಾಸಾಗ್ದಿರೋ ಹೂ ಮಾರೋನು ನಾನು. ಹಳೇ ಸೂಜಿಗೂ ಹೊಸಾ ಸೂಜಿಗೂ ಏನ್ ನಂಟು ಅಂತ ಓದ್ದೋರ್ಗೇ ಗೊತ್ತಾಗ್ಲಿಲ್ಲ.”

ಇದು ಅವನ ಕೋಟೆ. ಅದಕ್ಕೆ ಬಾಗಿಲೇ ಇರಲಿಲ್ಲ. ಮರೆಯುವುದು ಅಪರಾಧವಲ್ಲ. ಆ ಮಾತಿನ ಬೆಲೆ ಅವನಿಗೆ ತಿಳಿದಿತ್ತು ಎಂದು ತೋರಿಸದ ಹೊರತು ನಾನು ಅವನ ಕೂದಲನ್ನೂ ಮುಟ್ಟುವಂತಿರಲಿಲ್ಲ. ಅದು ಅವನಿಗೂ ಗೊತ್ತಿತ್ತು. ಮತ್ತೆ ಪೇಪರು ಸುತ್ತತೊಡಗಿದ. ಕಾನೂನು ಓದಿದ್ದಕ್ಕೆ ನನ್ನ ಮೇಲೇ ಸಿಟ್ಟು ಬಂತು.

ಏಳಲು ಹೊರಟಾಗ ಅವನೇ ಕೇಳಿದ, ಚಿಕ್ಕಮ್ಮ ಊಟ ಮಾಡಿದಳಾ ಎಂದು. ಅವಳ ಊಟದ ಚಿಂತೆ ನಿನಗೆ ಬೇಡ, ಅವಳಿಗೀಗ ಮೊಮ್ಮಗಳ ಚಿಂತೆ ಹತ್ತಿದೆ ಎಂದೆ.

“ಪಾಪುಗೇನಾಯ್ತು?”

ನಿನ್ನೆ ಮಣ್ಣಿನ ಕೆಲಸ ಮುಗಿದೊಡನೆ ಅವನು ತಳಿಗೆ ಬಂದುಬಿಟ್ಟಿದ್ದ. ಅವನಿಗೆ ಸುದ್ದಿ ಮುಟ್ಟಿರಲಿಲ್ಲ. ನಾಯಿಗೆ ಹುಚ್ಚಿದ್ದದ್ದನ್ನೂ, ಮಗುವಿನ ಕೈಗೆ ಹಲ್ಲು ತಗುಲಿದ್ದನ್ನೂ ಹೇಳಿದೆ. ಜೀಪಿನಲ್ಲಿ ಹೊಸೂರಿಗೆ ಕಳಿಸಿದ್ದೇನೆ, ಇಷ್ಟು ಹೊತ್ತಿಗೆ ತಲುಪಿರಬೇಕು ಎಂದೆ.

ಅವನ ಕೈಯಿಂದ ಗುಲಾಬಿ ಕಟ್ಟು ಜಾರಿ ಬಿತ್ತು.

“ಯಾವ್ ಸೂಜಿ ಹಾಕ್ತಾರೆ?”

“ಅವ್ರಪ್ಪನ್ಗೆ ಹಾಕಿದ್ದೇ. ತೋಳಿಗೊಂದು, ಗಾಯಕ್ಕೊಂದು.”

“ಗಾಯದ್ದು ಬೇಡ.” ಅವನು ಎದ್ದು ನಿಂತಿದ್ದ. ತುಟಿ ಬಿಳಿಚಿತ್ತು. “ಕುದ್ರೇದು ಬೇಡ ಮೇಡಂ. ಫೋನ್ ಮಾಡಿ. ಅವ್ಳಿಗೆ ಕುದ್ರೇದು ಆಗಲ್ಲ.”

ಕುದುರೆ ಎಂಬ ಮಾತನ್ನು ನಾನು ಎತ್ತಿರಲಿಲ್ಲ. ಪಿಳ್ಳಮ್ಮನಿಗೂ ಹೇಳಿರಲಿಲ್ಲ. ಕೃಷ್ಣಗಿರಿಯ ಡಾಕ್ಟರು ಬಿಡಿಸಿ ಹೇಳುವವರೆಗೆ ನನಗೇ ಅದು ಗೊತ್ತಿರಲಿಲ್ಲ.

ನಾನು ಅವನ ಅಂಗಿಯ ಕೊರಳಪಟ್ಟಿ ಹಿಡಿದುಕೊಂಡೆ. ಅವನು ಬಿಡಿಸಿಕೊಳ್ಳಲಿಲ್ಲ. ಮಾತು ಒಂದರ ಮೇಲೊಂದು ಉರುಳಿ ಬಂತು. ಎರಡು ವರ್ಷದ ಹಿಂದೆ, ಜಗಳಕ್ಕೆ ಮೊದಲು, ಸುಧಾ ತವರಿಗೆ ಹೋಗಿದ್ದಳು, ಯುವರಾಜ್ ಹೊಸೂರಿನ ಫ್ಯಾಕ್ಟರಿಯಲ್ಲಿದ್ದ. ಮಗುವನ್ನು ಗಿರಿ ತನ್ನ ಗುಲಾಬಿ ತೋಟಕ್ಕೆ ಕರೆದುಕೊಂಡು ಹೋಗಿದ್ದ. ಅಲ್ಲಿ ಮಗುವಿನ ಕಾಲಿಗೆ ಹುಳ ಮುಟ್ಟಿತು. ಟೆಂಪೋದಲ್ಲೇ ಹಾಕಿಕೊಂಡು ಕೃಷ್ಣಗಿರಿಗೆ ಓಡಿಸಿದ. ವಿಷಕ್ಕೆ ಸೂಜಿ ಹಾಕಿದೊಡನೆ ಮಗುವಿನ ಮುಖ ಊದಿ ಉಸಿರು ನಿಂತಂತಾಯಿತು. ಅಲ್ಲಿದ್ದ ಡಾಕ್ಟರು ಹೇಗೋ ಉಳಿಸಿಕೊಂಡರು. ಇನ್ನು ಮೇಲೆ ಈ ಮಗುವಿಗೆ ಹಾವು ಕಚ್ಚಲಿ, ನಾಯಿ ಕಚ್ಚಲಿ, ಕುದುರೆ ಸೀರಂ ಹಾಕುವ ಮೊದಲು ಸಾವಿರ ಸಲ ಯೋಚಿಸಬೇಕು, ಎಲ್ಲಿಗೆ ಹೋದರೂ ಇದನ್ನು ಹೇಳಿ ಎಂದು ಅವನಿಗೆ ಎರಡೆರಡು ಸಲ ತಿಳಿಸಿ ಕಳಿಸಿದ್ದರು.

ಅವನು ಮನೆಯಲ್ಲಿ ಯಾರಿಗೂ ಹೇಳಲಿಲ್ಲ. ಕೃಷ್ಣಗಿರಿ ಡ್ಯಾಮ್ ತೋರಿಸಲು ಕರೆದುಕೊಂಡು ಹೋಗಿ ಎರಡು ದಿನ ನೆಂಟರ ಮನೆಯಲ್ಲಿದ್ದೆ, ಕಾಲಿಗೆ ಮುಳ್ಳು ಚುಚ್ಚಿತು ಎಂದ. ನಾಲ್ಕು ವರ್ಷದ ಮಗುವಿಗೂ ಅದನ್ನೇ ಹೇಳಿಕೊಟ್ಟ.

“ಯುವರಾಜನ್ ಕೈಲಿ ಒದೆ ತಿನ್ನಬೇಕಾಯ್ತದೆ ಅಂತ ಸುಮ್ಕಾದೆ.” ಅವನು ಅಳುತ್ತಿದ್ದ. “ಚಿಕ್ಕೋನಿದ್ದಾಗ ಅವ್ನಿಗಾಗಿದ್ದೂ ಇದೇ ಅಂತ ಅವತ್ತೇ ಗೊತ್ತಾಯ್ತು ನಂಗೆ.”

ಕೋಟೆಯ ಬಾಗಿಲನ್ನು ಅವನೇ ಒಳಗಿನಿಂದ ತೆಗೆದಿದ್ದ. ಕೊಲೆಗಾರ ನನ್ನ ಕೈಯಲ್ಲೇ ಇದ್ದ. ನನಗೆ ಅದು ಬೇಡವಾಗಿತ್ತು. ಹೊಸ್ತಿಲಿಗೆ ಅಡ್ಡ ಕೂತಿದ್ದ ಮುದುಕಿಯ ಕಾಲು ಮಡಿಚಿಸಿ ಆ ಮಗುವನ್ನು ಜೀಪು ಹತ್ತಿಸಿದವಳು ನಾನು. ಕೊರಳಪಟ್ಟಿ ಬಿಟ್ಟು ಕುಮಾರೇಶನ ನಂಬರು ಒತ್ತಿದೆ. ನನಗೆ ಜೀವಮಾನದಲ್ಲಿ ಅಷ್ಟು ಹೆದರಿಕೆಯಾದದ್ದಿಲ್ಲ.

ಕುಮಾರೇಶ್ ಫೋನ್ ಎತ್ತಿದ. ಎಲ್ಲ ಸುಸೂತ್ರ ಎಂದು ತಮಿಳಿನಲ್ಲಿ ಹೆಮ್ಮೆಯಿಂದ ಶುರುಮಾಡಿದ. ತೋಳಿನ ಸೂಜಿ ಆಯಿತು, ಮಗು ಅಳಲೇ ಇಲ್ಲ. ಗಾಯದ ಸೂಜಿಗೆ ಈಗ ತಾನೇ ಒಳಗೆ ಕರೆದುಕೊಂಡರು. ಹಿಂದೆ ಏನಾದರೂ ಆಗಿತ್ತಾ ಎಂದು ಡಾಕ್ಟರಮ್ಮ ಮೂರು ಮೂರು ಸಲ ಕೇಳಿದರು. ನಮ್ಮ ಇನ್ಸ್‌ಪೆಕ್ಟರಮ್ಮನೇ ಖುದ್ದಾಗಿ ವಿಚಾರಿಸಿದ್ದಾರೆ, ಏನೂ ಇಲ್ಲ ಎಂದು ನಾನು ಹೇಳಿದ ಮೇಲೇ ಒಪ್ಪಿಕೊಂಡರು ಎಂದ.

“ಒಳಗೆ ಓಡು,” ಎಂದು ಕಿರುಚಿದೆ. “ನಿಲ್ಲಿಸು. ಸೂಜಿ ನಿಲ್ಲಿಸು.”

ಅವನು ಯಾಕೆಂದು ಕೇಳಲಿಲ್ಲ. ಬೂಟಿನ ಸದ್ದು ಕೇಳಿತು. ಯಾರೋ ತಮಿಳಿನಲ್ಲಿ ಗದರಿದರು. ಬಾಗಿಲು ಧಡಾರನೆ ತೆರೆಯಿತು. ಗಾಯದ್ದೂ ಹಾಕಿ ಆಯಿತಲ್ಲ ಎಂದು ಹೆಂಗಸೊಬ್ಬಳ ದನಿ ಕೇಳಿತು. ಗಿರಿ ನನ್ನ ಫೋನಿಗೆ ಕಿವಿ ಹಚ್ಚಿ ನಿಂತಿದ್ದ, ನಾನು ಅವನನ್ನು ದೂಡಲಿಲ್ಲ.

ಆಮೇಲೆ ಸುಧಾಳ ದನಿ ಬಂತು. ಮಗಳ ಹೆಸರನ್ನು ಒಮ್ಮೆ ಮೆಲ್ಲಗೆ ಕರೆದಳು. ಮತ್ತೆ ಜೋರಾಗಿ ಕರೆದಳು. ಮಗು ಓಗೊಡಲಿಲ್ಲ.